ಸಾಲ ಕೇಳೋಕೆ ಹೋದರೆ ‘ಯಾವ ಜನ?’ ಅಂದರು: ಮಂಡ್ಯದ ಒಂದು ಬ್ಯಾಂಕ್ ಶಾಖೆ

5ಕ್ಕೆ 2 ಸ್ಟಾರ್. ಒಂದು ಎಸಿಗೆ, ಇನ್ನೊಂದು ಬಾಗಿಲಲ್ಲಿ ಕೂರುವ ಸೆಕ್ಯುರಿಟಿ ಅಣ್ಣನಿಗೆ.

ಪೇಟೆ ಬೀದಿ ಹತ್ತಿರ ನನ್ನದೊಂದು ಟೈಲರಿಂಗ್ ಅಂಗಡಿ. ಬ್ಲೌಸ್, ಫಾಲ್ಸ್, ಜಿಗ್‌ಜಾಗ್. ಬಟ್ಟೆ ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮಷೀನು ಕೈಕೊಟ್ಟಿತ್ತು. ಹೊಸದೊಂದು, ಜೊತೆಗೆ ಪವರ್ ಮಷೀನು ಸೇರಿ 1,20,000 ರೂಪಾಯಿ ಬೇಕಿತ್ತು. ಕೊಟೇಶನ್, ಒಂದು ವರ್ಷದ ಸ್ಟೇಟ್‌ಮೆಂಟ್, ಅಂಗಡಿ ಕರಾರು ಎಲ್ಲಾ ಹಿಡಿದು ಹೋದೆ.

ಸಾಲದ ಕೌಂಟರಿನ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. ಫೈಲು ಬಿಚ್ಚುವ ಮೊದಲೇ, “ಅಕ್ಕ, ಯಜಮಾನ್ರು ಏನ್ ಮಾಡ್ತಾರೆ?” ಅಂದ.

ಬೇರೆ ಇದ್ದೇವೆ ಅಂದೆ.

“ಬೇರೆ ಅಂದ್ರೆ ಡೈವೋರ್ಸ್ ಆಗಿದೆಯಾ?”

ಆಗಿಲ್ಲ. ಆರು ವರ್ಷದಿಂದ ತವರಲ್ಲಿದ್ದೇನೆ. ಟೋಕನ್ ಹಿಡಿದು ನಿಂತವರೆಲ್ಲರ ಮುಂದೆ ಇದನ್ನು ಹೇಳಬೇಕಾಯಿತು.

“ಹಾಗಾದ್ರೆ ಅವರ ಸಹಿ ಬೇಕಾಗುತ್ತೆ. ಇಲ್ಲಾಂದ್ರೆ ಅಣ್ಣನೋ ತಮ್ಮನೋ ಇದ್ದಾರಾ?”

ತಮ್ಮ ಇದ್ದಾನೆ. ಐಟಿಐ ಓದುತ್ತಿದ್ದಾನೆ, ಫೀಸು ಕಟ್ಟೋದು ನಾನು. ನನಗಿಂತ ಮುಂಚೆ ಹಸು ಸಾಲಕ್ಕೆ ಕೂತಿದ್ದವರಿಗೆ ಹೆಂಡತಿ ಸಹಿ ಕೇಳಿದ್ದನ್ನು ನಾನಂತೂ ಕಾಣೆ.

ಆಮೇಲೆ ಸ್ವಲ್ಪ ಮೆಲ್ಲಗೆ, “ನೀವು ಯಾವ ಜನ?”

ಫಾರಂನಲ್ಲಿದೆ ನೋಡಿ ಅಂದೆ. ವರ್ಗದ ಕಾಲಂಗೆ ನನ್ನ ತಕರಾರಿಲ್ಲ, ಸರ್ಕಾರದ ಸ್ಕೀಮಿಗೆ ಬೇಕಾಗುತ್ತೆ, ತುಂಬಿಯೂ ಇದ್ದೆ. ‘ಯಾವ ಜನ’ ಅನ್ನೋದು ಬೇರೆ ಪ್ರಶ್ನೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ವಾರಕ್ಕೆ ಎಷ್ಟು ಬ್ಲೌಸ್ ಹೊಲಿಯುತ್ತೀರಿ ಅಂತ ಮಾತ್ರ ಒಂದು ಸಲವೂ ಕೇಳಲಿಲ್ಲ. ಮೂವತ್ತು. ಮದುವೆ ಸೀಸನ್ನಲ್ಲಿ ಇನ್ನೂ ಜಾಸ್ತಿ. ಸುಮ್ನೆ ಲೆಕ್ಕದ ಪುಸ್ತಕ ಹೊತ್ತುಕೊಂಡು ಹೋಗಿದ್ದೆ.

ಹತ್ತು ದಿನಕ್ಕೆ ಫೋನು. “ಆಗಲ್ಲ ಅಕ್ಕ.” ಯಾಕೆ ಅಂದರೆ “ಪಾಲಿಸಿ.” ಸಾಲ ತೀರಿಸಿದ್ದಕ್ಕೆ ಕೊಡುವ ಸಿಬಿಲ್ ಅಂಕ 900ಕ್ಕೆ 761 ಇದೆ, ಒಂದು ಕಂತೂ ತಪ್ಪಿಸಿಲ್ಲ.

ಸಾಲ ಕೊಡುವಾಗ ಗಂಡು ಹೆಣ್ಣು, ಜಾತಿ, ಧರ್ಮ ಅಂತ ಭೇದ ಮಾಡಬಾರದು ಎಂದು ಆರ್‌ಬಿಐ 2003ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. 2 ಲಕ್ಷದೊಳಗಿನ ಅರ್ಜಿ ಬೇಡ ಅಂದರೆ ಕಾರಣ ಬರೆದು ಕೊಡಬೇಕು ಅಂತಲೂ ಅದರಲ್ಲಿದೆ. ಮತ್ತೆ ಹೋಗಿ ಅದನ್ನೇ ಕೇಳಿದೆ. ಹುಡುಗ ಒಳಗೆ ಹೋಗಿ ಬಂದು, “ಸಿಸ್ಟಂನಲ್ಲಿ ಲೆಟರ್ ಬರಲ್ಲ ಅಕ್ಕ” ಅಂದ.

ಹೊರಗೆ ಬರುವಾಗ ಸೆಕ್ಯುರಿಟಿ ಅಣ್ಣ, “ಬಾಯಲ್ಲಿ ಹೇಳ್ಬೇಡಮ್ಮ, ದೂರು ಬರೆದುಕೊಟ್ಟು ಸೀಲ್ ಹಾಕಿಸ್ಕೋ” ಅಂದರು. ಹಾಕಿಸಿಕೊಂಡೆ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇವತ್ತಿಗೆ 22 ದಿನ.

ಓವರ್‌ಲಾಕನ್ನು ಸದ್ಯಕ್ಕೆ ಪಕ್ಕದ ಅಂಗಡಿಯಲ್ಲಿ ಮಾಡಿಸುತ್ತಿದ್ದೇನೆ. ಪೀಸಿಗೆ 10 ರೂಪಾಯಿ.