ದಾವಣಗೆರೆಯಿಂದ ಹ್ಯಾನೋವರ್, ಅಲ್ಲಿಂದ ಷಿಕಾಗೊ: ಎರಡು ವಾರದ ವ್ಯಾಪಾರ ಪ್ರವಾಸಕ್ಕೆ ಆರಿಸಿದ ವಿಮಾನ ಮತ್ತು ದಾರಿ

ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಟಿಕೆಟ್ ಹುಡುಕಿಕೊಡುವ ಜಾಲತಾಣಗಳಿಗೆ ಇದರ ಗೊಡವೆಯಿಲ್ಲ. ಅವುಗಳ ಲೆಕ್ಕ ಬೆಂಗಳೂರಿನ ಓಡುದಾರಿಯಿಂದ ಆರಂಭವಾಗಿ ಇನ್ನೊಂದು ಊರಿನ ಓಡುದಾರಿಯಲ್ಲಿ ಮುಗಿಯುತ್ತದೆ. ನಮ್ಮಂಥವರ ಪ್ರಯಾಣವಾದರೋ ಮನೆಯ ಹೊಸ್ತಿಲಿನಿಂದ ಆರಂಭವಾಗಿ ಗಿರಾಕಿಯ ಕಾರ್ಖಾನೆಯ ಗೇಟಿನಲ್ಲಿ ಮುಗಿಯಬೇಕು. ಈ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ನಾನು 2023ರಲ್ಲಿ ಪೆಟ್ಟು ತಿಂದು ಕಲಿತೆ. 2025ರ ಸೆಪ್ಟೆಂಬರಿನ ಪ್ರವಾಸದಲ್ಲಿ ಆ ಪಾಠವನ್ನು ಬಳಸಿಕೊಂಡೆ. ಈ ವಿಮರ್ಶೆ ಎರಡನೆಯ ಪ್ರವಾಸದ್ದು. ಮೊದಲನೆಯದನ್ನು ಹೋಲಿಕೆಗಾಗಿ ಮಾತ್ರ ತಂದಿದ್ದೇನೆ.

ನಮ್ಮದು ದಾವಣಗೆರೆ ಮತ್ತು ಹರಿಹರದ ನಡುವೆ ಇರುವ ಸಣ್ಣ ಯಂತ್ರ ಬಿಡಿಭಾಗಗಳ ಘಟಕ. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ಕೆಲಸ ಕಲಿತವರ ಮಕ್ಕಳು, ಶಿಷ್ಯರು ಈ ಭಾಗದಲ್ಲಿ ನಡೆಸುತ್ತಿರುವ ಹಲವು ಶೆಡ್ಡುಗಳಲ್ಲಿ ಅದೂ ಒಂದು. ಸೆಪ್ಟೆಂಬರ್ 22ರಿಂದ 26ರವರೆಗೆ ಜರ್ಮನಿಯ ಹ್ಯಾನೋವರ್‌ನಲ್ಲಿ ನಡೆದ ಇ.ಎಂ.ಓ. ಯಂತ್ರೋಪಕರಣ ಮೇಳ, ಅದು ಮುಗಿದ ಮೇಲೆ ಸ್ಟುಟ್‌ಗಾರ್ಟ್‌ನಲ್ಲಿ ಒಬ್ಬ ಗಿರಾಕಿ, ಆನಂತರ ಅಮೆರಿಕದ ಷಿಕಾಗೊ ಬಳಿಯ ರಾಕ್‌ಫರ್ಡ್‌ನಲ್ಲಿ ಇನ್ನೊಬ್ಬರು: ಇಷ್ಟು ನಮ್ಮ ಕಾರ್ಯಕ್ರಮ. ಹೊರಟವರು ನಾನು ಮತ್ತು ನಮ್ಮ ಘಟಕದ ಮೇಸ್ತ್ರಿ. ಜೊತೆಗೆ ಉಕ್ಕಿನ ಮಾದರಿ ಬಿಡಿಭಾಗಗಳ ಒಂದು ಪೆಟ್ಟಿಗೆ. ಉಕ್ಕಿನ ಸಾಮಾನು ಬೂಟಿನ ಡಬ್ಬಿಯಷ್ಟು ಜಾಗದಲ್ಲೇ 23 ಕೆ.ಜಿ. ಮಿತಿಯನ್ನು ಮುಟ್ಟಿಬಿಡುತ್ತದೆ, ದಾರಿ ಆರಿಸುವಾಗ ನಮಗಿಂತ ಹೆಚ್ಚು ಚಿಂತೆಗೆ ಹಚ್ಚಿದ್ದು ಈ ಪೆಟ್ಟಿಗೆಯೇ.

ಮೊದಲ ಪ್ರಶ್ನೆ ದೇವನಹಳ್ಳಿಯದು. ದಾವಣಗೆರೆಯಿಂದ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಡಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು, ದೊಡ್ಡಬಳ್ಳಾಪುರದ ಮೇಲೆ ವಿಮಾನ ನಿಲ್ದಾಣಕ್ಕೆ ಹೋದರೆ ಬೆಂಗಳೂರಿನ ಒಳಗೆ ಕಾಲಿಡುವ ಅಗತ್ಯವೇ ಇಲ್ಲ. ಐದು ಗಂಟೆಯ ದಾರಿ. ಕೈಯಲ್ಲಿ ಹಗುರವಾದ ಚೀಲವಿದ್ದವರು ಧಾರವಾಡದಿಂದ ಬರುವ ವಂದೇ ಭಾರತ್ ರೈಲನ್ನು ದಾವಣಗೆರೆಯಲ್ಲಿ ಮಧ್ಯಾಹ್ನದ ನಂತರ ಹಿಡಿದು, ಸಂಜೆ ಯಶವಂತಪುರದಲ್ಲಿ ಇಳಿದು, ಅಲ್ಲಿಂದ ಬಸ್ಸು ಅಥವಾ ಟ್ಯಾಕ್ಸಿಯಲ್ಲಿ ಹೋಗಬಹುದು. ಯುರೋಪಿಗೆ ಬೆಂಗಳೂರಿನಿಂದ ನೇರವಾಗಿ ಹಾರುವ ವಿಮಾನಗಳಲ್ಲಿ ಹಲವು ನಡುರಾತ್ರಿ ಕಳೆದ ಮೇಲೆ ಹೊರಡುವುದರಿಂದ ಈ ಎರಡೂ ದಾರಿಗಳು ಅವಕ್ಕೆ ಚೆನ್ನಾಗಿ ಹೊಂದುತ್ತವೆ: ಮಧ್ಯಾಹ್ನ ಮನೆಯಲ್ಲಿ ಊಟ ಮಾಡಿ ಹೊರಟು, ರಾತ್ರಿ ಹೋಟೆಲಿನ ಖರ್ಚಿಲ್ಲದೆ ವಿಮಾನ ಏರಬಹುದು. ಅದೇ ಬೆಳಿಗ್ಗೆ ಹತ್ತರ ವಿಮಾನವಾದರೆ ಹಿಂದಿನ ರಾತ್ರಿಯೇ ಬೆಂಗಳೂರಿನಲ್ಲಿ ತಂಗಬೇಕು, ಇಲ್ಲವೇ ಲಾರಿಗಳ ಸಾಲಿನ ನಡುವೆ ರಾತ್ರಿಯಿಡೀ ಕಾರು ಓಡಿಸಬೇಕು. ಹಾಗಾಗಿ ನನ್ನ ಮಟ್ಟಿಗೆ ಹೊರಡುವ ಸಮಯವೂ ಟಿಕೆಟ್ ದರದ ಒಂದು ಭಾಗವೇ.

ಇನ್ನು ಸಮುದ್ರದಾಚೆಯ ದಾರಿ. ನಮ್ಮ ಮುಂದೆ ಮೂರು ಆಯ್ಕೆಗಳಿದ್ದವು: ಕೊಲ್ಲಿ ದೇಶಗಳ ಮೂಲಕ ಹೋಗುವುದು, ದೆಹಲಿಯ ಮೂಲಕ ಹೋಗುವುದು, ಬೆಂಗಳೂರಿನಿಂದ ನೇರವಾಗಿ ಯುರೋಪಿಗೆ ಹಾರುವುದು.

ಕೊಲ್ಲಿಯ ದಾರಿ ಸಾಮಾನ್ಯವಾಗಿ ಅಗ್ಗ, ವಿಮಾನಗಳೂ ಹೆಚ್ಚು. ದುಬೈಗೆ ಎಮಿರೇಟ್ಸ್ 2022ರ ಅಕ್ಟೋಬರಿನಿಂದ ಎರಡು ಅಂತಸ್ತಿನ ಎ380 ವಿಮಾನವನ್ನೇ ಬೆಂಗಳೂರಿಗೆ ತರುತ್ತಿದೆ. ದೋಹಾ, ಅಬುಧಾಬಿಗಳಿಗೂ ನೇರ ಹಾರಾಟವಿದೆ. 2023ರ ಮೇಳಕ್ಕೆ ನಾನು ಹೋಗಿದ್ದು ಹೀಗೆ ಕೊಲ್ಲಿಯ ಒಂದು ನಗರದ ಮೂಲಕವೇ. ಆಗ ಮಾಡಿದ ತಪ್ಪು ದಾರಿಯದಲ್ಲ, ಟಿಕೆಟ್ಟಿನದು. ಯುರೋಪಿನ ಒಂದು ದೊಡ್ಡ ನಗರದವರೆಗೆ ಒಂದು ಸಂಸ್ಥೆಯ ಟಿಕೆಟ್ಟು, ಅಲ್ಲಿಂದ ಹ್ಯಾನೋವರ್‌ಗೆ ಅಗ್ಗದ ದರದ ಇನ್ನೊಂದು ಸಂಸ್ಥೆಯ ಟಿಕೆಟ್ಟು ಎಂದು ಬೇರೆ ಬೇರೆ ಖರೀದಿಸಿ, ಹದಿನಾಲ್ಕು ಸಾವಿರ ರೂಪಾಯಿ ಉಳಿಸಿದೆನೆಂದು ಮನೆಯಲ್ಲಿ ಹೇಳಿಕೊಂಡು ಓಡಾಡಿದ್ದೆ. ಮೊದಲ ವಿಮಾನ ಎರಡು ಗಂಟೆ ತಡವಾಯಿತು. ಎರಡನೆಯ ಸಂಸ್ಥೆಯವರ ದಾಖಲೆಯಲ್ಲಿ ನಾನು ಹೇಳದೆ ಕೇಳದೆ ಗೈರುಹಾಜರಾದ ಪ್ರಯಾಣಿಕ. ಮೊದಲನೆಯವರು ತಮ್ಮ ಹೊಣೆ ಆ ನಗರದವರೆಗೆ ಮಾತ್ರ ಎಂದರು. ನಿಯಮದ ಪ್ರಕಾರ ಇಬ್ಬರ ಮಾತೂ ಸರಿಯೇ. ಹೊಸ ಟಿಕೆಟ್ಟು, ಒಂದು ರಾತ್ರಿಯ ಹೋಟೆಲು, ಮೇಳದ ಅರ್ಧ ದಿನ, ಇವೆಲ್ಲ ಸೇರಿ ಉಳಿತಾಯದ ಮೂರರಷ್ಟು ಕೈಬಿಟ್ಟಿತು. ಒಂದೇ ಪಿ.ಎನ್.ಆರ್. ಅಡಿಯಲ್ಲಿ ಇಡೀ ಪ್ರಯಾಣವಿದ್ದಿದ್ದರೆ ತಪ್ಪಿದ ವಿಮಾನದ ಬದಲಿಗೆ ಮುಂದಿನದರಲ್ಲಿ ಕೂರಿಸಿ ಕಳಿಸುವುದು ಸಂಸ್ಥೆಯ ಕೆಲಸವಾಗುತ್ತಿತ್ತು, ಲಗೇಜು ಕೂಡ ತಾನಾಗಿಯೇ ಮುಂದೆ ಸಾಗುತ್ತಿತ್ತು.

ಈ ಬಾರಿ ಕೊಲ್ಲಿಯ ದಾರಿಯನ್ನು ಬಿಟ್ಟದ್ದಕ್ಕೆ ಮತ್ತೊಂದು ಕಾರಣವೂ ಇತ್ತು. ಟಿಕೆಟ್ ಹುಡುಕುತ್ತಿದ್ದ ದಿನಗಳಲ್ಲೇ, ಅಂದರೆ 2025ರ ಜೂನ್ 23ರಂದು, ಕತಾರ್ ತನ್ನ ವಾಯುಪ್ರದೇಶವನ್ನು ಕೆಲವು ಗಂಟೆಗಳ ಕಾಲ ಮುಚ್ಚಿತು. ಒಂದೇ ನಿಲ್ದಾಣವನ್ನು ನೆಚ್ಚಿ ನಡೆಯುವ ಜಾಲದಲ್ಲಿ ಕೆಲವು ಗಂಟೆಗಳ ತಡೆ ಎಂದರೆ ಕೆಲವು ದಿನಗಳ ಗೋಜಲು. ಮೇಳದ ತಾರೀಖು ನಮಗಾಗಿ ಕಾಯುವುದಿಲ್ಲ.

ದೆಹಲಿಯ ದಾರಿಯನ್ನು ಬೇಗನೆ ಕೈಬಿಟ್ಟೆವು. 2025ರ ಏಪ್ರಿಲ್ ಕೊನೆಯಿಂದ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿರುವುದರಿಂದ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ನಮ್ಮ ದೇಶದ ವಿಮಾನಗಳು ಸುತ್ತು ಹಾಕಬೇಕಾಗಿದೆ; ಅಮೆರಿಕದ ಕೆಲವು ಹಾರಾಟಗಳು ಯುರೋಪಿನಲ್ಲಿ ಇಂಧನಕ್ಕಾಗಿ ಇಳಿಯಬೇಕಾಗಿ ಬಂತು. ಅಲ್ಲದೆ ಪಶ್ಚಿಮಕ್ಕೆ ಹೋಗಬೇಕಾದ ನಾವು ಮೊದಲು ಎರಡೂವರೆ ಗಂಟೆಗೂ ಹೆಚ್ಚು ಕಾಲ ಉತ್ತರಕ್ಕೆ ಹಾರುವುದೇಕೆ ಎಂಬ ಮೇಸ್ತ್ರಿಯವರ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಉಳಿದದ್ದು ನೇರ ದಾರಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮತ್ತು ಮ್ಯೂನಿಕ್‌ಗೆ ಲುಫ್ತಾನ್ಸಾ, ಪ್ಯಾರಿಸ್‌ಗೆ ಏರ್ ಫ್ರಾನ್ಸ್, ಆಮ್‌ಸ್ಟರ್‌ಡ್ಯಾಮ್‌ಗೆ ಕೆ.ಎಲ್.ಎಂ., ಲಂಡನ್ನಿಗೆ ಬ್ರಿಟಿಷ್ ಏರ್‌ವೇಸ್ ಹಾರುತ್ತವೆ. ನಾವು ಆರಿಸಿದ್ದು ಫ್ರಾಂಕ್‌ಫರ್ಟನ್ನು. ಕಾರಣ ಆ ನಿಲ್ದಾಣದಲ್ಲೇ ಇರುವ ದೂರಪ್ರಯಾಣದ ರೈಲು ನಿಲ್ದಾಣ. ಅಲ್ಲಿಂದ ಹ್ಯಾನೋವರ್ ಸುಮಾರು ಮೂರು ಗಂಟೆ, ಸ್ಟುಟ್‌ಗಾರ್ಟ್ ಒಂದೂಕಾಲು ಗಂಟೆ. ಹ್ಯಾನೋವರ್‌ಗೆ ಇನ್ನೊಂದು ವಿಮಾನ ಹಿಡಿಯುವ ಬದಲು ರೈಲಿನಲ್ಲಿ ಹೋದದ್ದರಿಂದ ಮಾದರಿ ಪೆಟ್ಟಿಗೆ ಫ್ರಾಂಕ್‌ಫರ್ಟ್‌ನಲ್ಲೇ ನಮ್ಮ ಕೈಗೆ ಬಂತು, ಕಸ್ಟಮ್ಸ್ ಕೆಲಸವೂ ಅಲ್ಲೇ ಮುಗಿಯಿತು. ಮಾದರಿಗಳಿಗೆ ನಾವು ಎ.ಟಿ.ಎ. ಕಾರ್ನೆಟ್ ಎಂಬ ಕಸ್ಟಮ್ಸ್ ಪತ್ರ ಮಾಡಿಸಿದ್ದೆವು. ಭಾರತದಲ್ಲಿ ಅದನ್ನು ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಗಳ ಒಕ್ಕೂಟವಾದ ಫಿಕ್ಕಿ ಸಂಸ್ಥೆ ಕೊಡುತ್ತದೆ. ಅದಿದ್ದರೆ ಹಿಂದಕ್ಕೆ ತರುವ ಮಾದರಿಗಳಿಗೆ ಹೊರದೇಶದಲ್ಲಿ ಸುಂಕ ಕಟ್ಟಬೇಕಿಲ್ಲ. ಆದರೆ ಪ್ರತಿ ಗಡಿಯಲ್ಲೂ, ಒಳಹೋಗುವಾಗ ಒಮ್ಮೆ ಮತ್ತು ಹೊರಬರುವಾಗ ಒಮ್ಮೆ, ಅಧಿಕಾರಿಯ ಮುದ್ರೆ ಬೀಳಲೇಬೇಕು. ಒಂದು ಮುದ್ರೆ ತಪ್ಪಿದರೂ ಊರಿಗೆ ಬಂದ ಮೇಲೆ ತಿಂಗಳುಗಟ್ಟಲೆ ಪತ್ರವ್ಯವಹಾರ. ಹಾಗಾಗಿ ಮಾದರಿ ಹೊತ್ತು ಹೋಗುವವರಿಗೆ ಒಂದೇ ಊರಿನಲ್ಲಿ ಒಳಹೊಕ್ಕು ಅದೇ ಊರಿನಿಂದ ಹೊರಬೀಳುವ ದಾರಿ ಚಿನ್ನದಂಥದ್ದು. ಮೊದಲ ಸಲ ಎಲ್ಲಿ ಸರದಿ ನಿಲ್ಲಬೇಕೆಂದು ತಿಳಿದರೆ ಎರಡನೆಯ ಸಲ ಹುಡುಕಾಟವಿಲ್ಲ.

ಬೆಂಗಳೂರು–ಫ್ರಾಂಕ್‌ಫರ್ಟ್, ಎಂಟು ದಿನದ ನಂತರ ಫ್ರಾಂಕ್‌ಫರ್ಟ್–ಷಿಕಾಗೊ, ಕೊನೆಗೆ ಷಿಕಾಗೊ–ಫ್ರಾಂಕ್‌ಫರ್ಟ್–ಬೆಂಗಳೂರು: ಇಷ್ಟನ್ನೂ ಒಂದೇ ಬಹುನಗರ ಟಿಕೆಟ್ಟಾಗಿ ಪಡೆದೆವು. ಲುಫ್ತಾನ್ಸಾ ಮತ್ತು ಅಮೆರಿಕದ ಯುನೈಟೆಡ್ ಎರಡೂ ಸ್ಟಾರ್ ಅಲಯನ್ಸ್ ಕೂಟದಲ್ಲಿರುವುದರಿಂದ ಒಂದು ಹಾರಾಟ ಇದರದು, ಇನ್ನೊಂದು ಅದರದು ಆದರೂ ಟಿಕೆಟ್ಟು ಒಂದೇ ಇರಬಲ್ಲದು. ದರ ಕೊಲ್ಲಿಯ ದಾರಿಗಿಂತ ಹೆಚ್ಚಾಯಿತು, ಮುಚ್ಚಿಡುವುದೇನೂ ಇಲ್ಲ. ಆದರೆ ಯುರೋಪಿನ ಸಂಸ್ಥೆಯ ವಿಮಾನದಲ್ಲಿ ಹೋಗುವುದರಿಂದ ಇನ್ನೊಂದು ಲಾಭವಿದೆ. ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮಾವಳಿಯ ಪ್ರಕಾರ, ಒಕ್ಕೂಟದ ನೆಲದಿಂದ ಹೊರಡುವ ಯಾವುದೇ ವಿಮಾನಕ್ಕೂ, ಹೊರಗಿನಿಂದ ಒಕ್ಕೂಟಕ್ಕೆ ಬರುವ ಒಕ್ಕೂಟದ ಸಂಸ್ಥೆಗಳ ವಿಮಾನಕ್ಕೂ ಪರಿಹಾರದ ಹೊಣೆಯಿದೆ: 3,500 ಕಿ.ಮೀ. ಮೀರಿದ ದೂರಕ್ಕೆ, ಹವಾಮಾನದಂಥ ಅಸಾಧಾರಣ ಕಾರಣವಿಲ್ಲದೆ ಭಾರೀ ತಡವಾದರೆ ಅಥವಾ ಹಾರಾಟ ರದ್ದಾದರೆ, ಪ್ರಯಾಣಿಕನಿಗೆ 600 ಯುರೋವರೆಗೆ. ಬೆಂಗಳೂರಿನಿಂದ ಕೊಲ್ಲಿಯ ಸಂಸ್ಥೆಯಲ್ಲಿ ಯುರೋಪಿಗೆ ಹೋಗುವವನಿಗೆ ಹೋಗುವಾಗ ಈ ರಕ್ಷೆಯಿಲ್ಲ. ಎರಡು ದರಗಳನ್ನು ಹೋಲಿಸುವಾಗ ಇದನ್ನು ಯಾರೂ ಪಕ್ಕದಲ್ಲಿ ಬರೆದಿಡುವುದಿಲ್ಲ.

ನಾವು ಫ್ರಾಂಕ್‌ಫರ್ಟ್‌ನಲ್ಲಿ ಇಳಿದದ್ದು ಸೆಪ್ಟೆಂಬರ್ 20ರ ಶನಿವಾರ. ಚೆಕ್-ಇನ್ ತಂತ್ರಾಂಶದ ಮೇಲೆ ಸೈಬರ್ ದಾಳಿ ನಡೆದು ಲಂಡನ್ನಿನ ಹೀಥ್ರೂ, ಬ್ರಸೆಲ್ಸ್, ಬರ್ಲಿನ್ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಡುವ ಸ್ಥಿತಿ ಬಂದದ್ದು ಅದೇ ದಿನ. ಲಂಡನ್ ದಾರಿಯೂ ನಮ್ಮ ಪಟ್ಟಿಯಲ್ಲಿತ್ತು. ತಪ್ಪಿಸಿಕೊಂಡದ್ದು ಜಾಣತನದಿಂದಲ್ಲ, ಅದೃಷ್ಟದಿಂದ. ಇದರ ಹೆಗ್ಗಳಿಕೆಯನ್ನು ನನ್ನ ಖಾತೆಗೆ ಬರೆದುಕೊಳ್ಳಲಾರೆ.

ವಿಮಾನದ ಒಳಗಿನ ಸಂಗತಿಗೆ ಬಂದರೆ, ಸಂಸ್ಥೆಯ ಹೆಸರಿಗಿಂತ ವಿಮಾನದ ಮಾದರಿಯನ್ನು ನೋಡುವುದು ಲೇಸು. ಏರ್‌ಬಸ್ ಎ350 ಮತ್ತು ಬೋಯಿಂಗ್ 787 ಮಾದರಿಗಳಲ್ಲಿ ಒಳಗಿನ ಗಾಳಿಯೊತ್ತಡವನ್ನು ಸುಮಾರು 6,000 ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಡುತ್ತಾರೆ. ಹಳೆಯ ಮಾದರಿಗಳಲ್ಲಿ ಅದು 8,000 ಅಡಿಯವರೆಗೆ ಹೋಗುತ್ತದೆ. ಒಂಬತ್ತು ಹತ್ತು ಗಂಟೆ ಕೂತ ಮೇಲೆ ಇಳಿದ ದಿನವೇ ಮಾತುಕತೆಗೆ ಕೂರಬೇಕಾದವನಿಗೆ ಈ ವ್ಯತ್ಯಾಸ ತಲೆಯಲ್ಲಿ ತಿಳಿಯುತ್ತದೆ. ಎಕಾನಮಿಯಲ್ಲೇ ಹೋದೆವು. ಬಿಸಿನೆಸ್ ದರ್ಜೆಯನ್ನು ಒಮ್ಮೆ ವಿಚಾರಿಸಿದ್ದುಂಟು. ಸೆಪ್ಟೆಂಬರ್ 22ರಿಂದ ಅದರ ಜಿ.ಎಸ್.ಟಿ. ಶೇಕಡ 12ರಿಂದ 18ಕ್ಕೆ ಏರುವುದೆಂದೂ ಎಕಾನಮಿಗೆ ಶೇಕಡ 5ರಲ್ಲೇ ಉಳಿಯುವುದೆಂದೂ ತಿಳಿದ ಮೇಲೆ ಆ ಆಸೆ ತಾನಾಗಿಯೇ ಆರಿತು.

ಊಟದ ವಿಷಯದಲ್ಲಿ ನಮ್ಮ ಕಡೆಯವರು ಎಡವುವ ಜಾಗ ಒಂದಿದೆ. ಟಿಕೆಟ್ ಜೊತೆ ಕೇಳುವ ವಿಶೇಷ ಊಟಗಳ ಪಟ್ಟಿಯಲ್ಲಿ ‘ಹಿಂದೂ ಊಟ’ ಎಂದು ಇರುತ್ತದೆ. ಅದು ಸಸ್ಯಾಹಾರವಲ್ಲ, ದನ ಮತ್ತು ಹಂದಿಯ ಮಾಂಸ ಇಲ್ಲದ ಊಟ ಅಷ್ಟೆ. ಸಸ್ಯಾಹಾರಿಗಳು ‘ಏಷ್ಯನ್ ಸಸ್ಯಾಹಾರ’ ಎಂಬುದನ್ನು, ಎ.ವಿ.ಎಂ.ಎಲ್. ಸಂಕೇತ ನೋಡಿ, ಕನಿಷ್ಠ ಒಂದು ದಿನ ಮೊದಲೇ ಹೇಳಿಡಬೇಕು. ಹೇಳಿಟ್ಟಿದ್ದರಿಂದ ನಮ್ಮ ತಟ್ಟೆ ಎಲ್ಲರಿಗಿಂತ ಮೊದಲೇ ಬಂತು. ಅನ್ನ, ಬೇಳೆ, ಪನೀರು; ರುಚಿ ಸಾಧಾರಣ. ಮೇಸ್ತ್ರಿಯವರು ಕಟಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಬಿಚ್ಚಿದಾಗ ಪಕ್ಕದ ಸೀಟಿನ ಜರ್ಮನ್ ಮಹಿಳೆಯೂ ಕೈಚಾಚಿದರು. ಷಿಕಾಗೊದಲ್ಲಿ ಇಳಿಯುವಾಗ ಮಾತ್ರ ಉಳಿದ ತಿಂಡಿಯನ್ನು ಕಸ್ಟಮ್ಸ್‌ನವರಿಗೆ ಬಾಯಿಬಿಟ್ಟು ಹೇಳಿದೆವು. ಅಮೆರಿಕದಲ್ಲಿ ತಿನ್ನುವ ಪದಾರ್ಥ ಯಾವುದೇ ಇದ್ದರೂ ಘೋಷಿಸಬೇಕು.

ಈ ದಾರಿಯ ಕೊರತೆ ಅಮೆರಿಕದ ಬಾಗಿಲಿನಲ್ಲಿ ಕಾಣುತ್ತದೆ. ಆ ದೇಶದಲ್ಲಿ ಮೊದಲು ಇಳಿದ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಿ ಲಗೇಜನ್ನು ಕೈಗೆ ಪಡೆಯಬೇಕು. ಸಾಲು ಎಷ್ಟು ಉದ್ದವಿರುತ್ತದೆಂದು ಮುಂಚೆ ಹೇಳಲಾಗದು, ಆದ್ದರಿಂದ ಅಂದು ಯಾವ ಭೇಟಿಯನ್ನೂ ಇಟ್ಟುಕೊಳ್ಳಲಿಲ್ಲ. ಅಬುಧಾಬಿಯ ಮೂಲಕ ಎತಿಹಾದ್ ವಿಮಾನದಲ್ಲಿ ಹೋಗುವವರಿಗೆ ಈ ತಪಾಸಣೆ ಅಬುಧಾಬಿಯಲ್ಲೇ ನಡೆಯುತ್ತದೆ. ಅಮೆರಿಕದ ಅಧಿಕಾರಿಗಳು 2014ರಿಂದ ಅಲ್ಲಿ ಕೂತಿದ್ದಾರೆ. ಅವರು ಮುದ್ರೆ ಒತ್ತಿದ ಮೇಲೆ ಷಿಕಾಗೊದಲ್ಲಿ ಒಳನಾಡಿನ ಪ್ರಯಾಣಿಕನಂತೆ ಇಳಿದು ಹೊರನಡೆಯಬಹುದು.

ವಾಪಸಾತಿಯೇ ಇಡೀ ಪ್ರವಾಸದ ಕಷ್ಟದ ಭಾಗ. ಹೋಗುವಾಗ ಗಡಿಯಾರ ಮೊದಲು ಮೂರೂವರೆ ಗಂಟೆ, ಎಂಟು ದಿನದ ನಂತರ ಇನ್ನೂ ಏಳು ಗಂಟೆ ಹಿಂದಕ್ಕೆ ಸರಿದದ್ದರಿಂದ ಮೈಗೆ ಹೊಂದಿಕೊಳ್ಳಲು ಬಿಡುವಿತ್ತು. ಮರಳುವಾಗ ಹತ್ತೂವರೆ ಗಂಟೆಯೂ ಒಟ್ಟಿಗೇ ಮೈಮೇಲೆ ಬಿತ್ತು. ಪೂರ್ವಕ್ಕೆ ತಿರುಗದೆ ಟೋಕಿಯೋ ಮೂಲಕ ಪಶ್ಚಿಮಕ್ಕೇ ಮುಂದುವರಿದು ಬೆಂಗಳೂರು ಸೇರುವ ಯೋಚನೆಯೂ ಇತ್ತು. ಆದರೆ ಟೋಕಿಯೋದ ಎರಡು ನಿಲ್ದಾಣಗಳಾದ ನರಿಟಾ, ಹಾನೆಡಾಗಳಲ್ಲಿ ಬೆಂಗಳೂರಿನ ವಿಮಾನ ಹೊರಡುವುದು ನರಿಟಾದಿಂದ. ಅಮೆರಿಕದ ವಿಮಾನ ಹಾನೆಡಾದಲ್ಲಿ ಇಳಿಸಿದರೆ ನಿಲ್ದಾಣ ಬದಲಿಸಲು ಜಪಾನಿನ ವೀಸಾ ಬೇಕು. ಅಷ್ಟಕ್ಕೇ ಬಿಟ್ಟೆವು.

ಪಿ.ಜೆ. ಬಡಾವಣೆಯ ನಮ್ಮ ಟ್ರಾವೆಲ್ ಏಜೆಂಟರ ಬಗ್ಗೆ ಒಂದು ಮಾತು. ಅವರು ತೆಗೆದುಕೊಂಡ ಸೇವಾಶುಲ್ಕ ಜಾಲತಾಣದಲ್ಲಿ ಉಳಿಯುತ್ತಿತ್ತು, ನಿಜ. ಆದರೆ ಟಿಕೆಟ್ಟಿನಲ್ಲಿ ಘಟಕದ ಜಿ.ಎಸ್.ಟಿ. ಸಂಖ್ಯೆ ನಮೂದಿಸಿ ತೆರಿಗೆಯ ಕ್ರೆಡಿಟ್ ಸಿಗುವಂತೆ ಮಾಡಿದ್ದು, ಮರಳುವಾಗ ಫ್ರಾಂಕ್‌ಫರ್ಟ್‌ನಲ್ಲಿ ಮೂರು ಗಂಟೆಯ ಅಂತರ ಇಡಿಸಿದ್ದು ಅವರೇ. ಒಂದೂಕಾಲು ಗಂಟೆಯ ಅಂತರವಿದ್ದ ಅಗ್ಗದ ಟಿಕೆಟ್ಟನ್ನು ನಾನು ತೋರಿಸಿದಾಗ, ‘ಸಾರ್, ಅದು ಓಡೋರಿಗೆ, ನಿಮಗಲ್ಲ’ ಎಂದರು.

2026ರ ಸೆಪ್ಟೆಂಬರಿನಲ್ಲಿ ಷಿಕಾಗೊದಲ್ಲೇ ಐ.ಎಂ.ಟಿ.ಎಸ್. ಯಂತ್ರೋಪಕರಣ ಮೇಳವಿದೆ. ಆಗ ಜರ್ಮನಿಯ ಕೆಲಸವಿಲ್ಲ, ಮಾದರಿ ಪೆಟ್ಟಿಗೆಯನ್ನೂ ಮೊದಲೇ ಕೊರಿಯರ್‌ನಲ್ಲಿ ಕಳಿಸುವವರಿದ್ದೇವೆ. ಕೊಲ್ಲಿಯ ಆಕಾಶ ಶಾಂತವಾಗಿದ್ದರೆ ಅಬುಧಾಬಿಯ ದಾರಿಯನ್ನೇ, ಒಂದೇ ಪಿ.ಎನ್.ಆರ್.ನಲ್ಲಿ, ರಾತ್ರಿ ಹತ್ತರ ನಂತರ ಬೆಂಗಳೂರು ಬಿಡುವಂತೆ ನೋಡಿಡಲು ಅವರಿಗೆ ಹೇಳಿದ್ದೇನೆ.