ಮುಳ್ಳೇರಿಯದ ಎಫ್‌ಸಿ 150: ನೋಡಿದೆ, ಓಡಿಸಿದೆ, ಆರು ಗೋಣಿ ಹೇರಿಸಿದೆ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಆದೂರಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ತೋಟದ ಮನೆಯ ಅಂಗಳದಲ್ಲಿ ಹಳೆ ಪಿಕಪ್ ಒಂದು ಮಾರಾಟಕ್ಕೆ ನಿಂತಿದೆ. ಮಹೀಂದ್ರ ಎಫ್‌ಸಿ 150, 1969ರ ಮಾಡೆಲ್. ಪೂರ್ತಿ ಬಿಚ್ಚಿ, ತುಕ್ಕು ತೆಗೆದು, ಮತ್ತೆ ಜೋಡಿಸಿದ ಗಾಡಿ. ಕೇಳುವ ಬೆಲೆ 6.25 ಲಕ್ಷ. ಪೆರ್ಲದಿಂದ ಎರಡು ಸಲ ಹೋಗಿ ನೋಡಿ ಬಂದಿದ್ದೇನೆ. ಹಳೆ ಗಾಡಿಯ ಮೇಲೆ ಪ್ರೀತಿ ಇರುವವರು ದುಡ್ಡು ಹಾಕುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಈ ಗಾಡಿಗೆ ಮೂತಿ ಇಲ್ಲ. ಎಂಜಿನ್ ಎರಡು ಸೀಟಿನ ನಡುವೆ, ಒಂದು ಮುಚ್ಚಳದ ಕೆಳಗೆ ಇರುತ್ತದೆ. ಡ್ರೈವರ್ ಮುಂದಿನ ಚಕ್ರದ ಮೇಲೆಯೇ ಕೂತ ಹಾಗೆ. ಅಮೆರಿಕದ ವಿಲ್ಲಿಸ್ ಕಂಪನಿ 1956ರ ಕೊನೆಗೆ ಇದನ್ನು ಹೊರಗೆ ಬಿಟ್ಟಿತು. ರೂಪ ಕೊಟ್ಟವರು ಬ್ರೂಕ್ಸ್ ಸ್ಟೀವನ್ಸ್. ಅಲ್ಲಿ 1965ಕ್ಕೆ ನಿಂತುಹೋಯಿತು, ಅದೇ ಹೊತ್ತಿಗೆ ಇಲ್ಲಿ ಮಹೀಂದ್ರದವರು ಶುರು ಮಾಡಿದರು. ನಮ್ಮ ದೊಡ್ಡಪ್ಪನ ಹತ್ತಿರ ಒಂದು ಇತ್ತು. ಮಂಗಳೂರು ಬಂದರಿನ ಮಂಡಿಗೆ ಅಡಿಕೆ ಹಾಕಲು ಹೋಗುವಾಗ ನಾನು ಎಡಗಡೆ ಸೀಟಿನಲ್ಲಿ ಕೂತು, ಆ ಮುಚ್ಚಳದ ಮೇಲೆ ಒದ್ದೆ ಟವೆಲ್ ಹಾಸುತ್ತಿದ್ದೆ. ತಲಪಾಡಿ ದಾಟುವಾಗ ಅದು ಒಣಗಿರುತ್ತಿತ್ತು.

ಮೊದಲ ಸಲ ಹೋದಾಗ ಕಿಸೆಯಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿದ್ದೆ. ಅದಕ್ಕೆ ಕಾರಣ ಇದೆ. ಎಂಟು ವರ್ಷದ ಹಿಂದೆ ಹೀಗೇ ಹೊಸದರ ಹಾಗೆ ಹೊಳೆಯುತ್ತಿದ್ದ ಜೀಪೊಂದನ್ನು ಕೊಂಡಿದ್ದೆ. ಎರಡನೇ ಮಳೆಗಾಲಕ್ಕೆ ಪೈಂಟ್ ಗುಳ್ಳೆ ಎದ್ದಿತು. ಬೆರಳಲ್ಲಿ ಒತ್ತಿದರೆ ಒಳಗೆ ಬರೀ ಪುಟ್ಟಿ, ತೂತು ಮುಚ್ಚಲು ಮೆತ್ತುವ ಪೇಸ್ಟ್. ತಗಡು ಎಲ್ಲೋ ಹೋಗಿತ್ತು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರಿದು. ಪುಟ್ಟಿ ಇಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಈ ಸಲ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಗಿಲು, ಚಕ್ರದ ಮೇಲಿನ ಕಮಾನು, ಕಾಲಿಡುವ ಜಾಗ ಎಲ್ಲಾ ಕಡೆ ಇಟ್ಟು ನೋಡಿದೆ. ಎಡ ಬಾಗಿಲಿನ ಕೆಳಗೆ ಒಂದು ಅಂಗೈಯಷ್ಟು ಜಾಗದಲ್ಲಿ ಹಿಡಿಯಲಿಲ್ಲ. ಉಳಿದ ಕಡೆಯೆಲ್ಲ ಚೆನ್ನಾಗಿ ಕಚ್ಚಿಕೊಂಡಿತು. ಮಾರುವವರು ಎಪ್ಪತ್ತು ದಾಟಿದ ಕೃಷಿಕರು, ನಾನು ಮಾವ ಎಂದೇ ಕರೆದೆ. ಅವರು ನಾನು ಕೇಳುವ ಮೊದಲೇ ಹೇಳಿದರು, "ಅಲ್ಲಿ ಪುಟ್ಟಿ ಉಂಟು. ಉಳಿದದ್ದು ತಗಡು ಕತ್ತರಿಸಿ ವೆಲ್ಡ್ ಮಾಡಿಸಿದ್ದು. ಫೋಟೋ ತೋರಿಸುತ್ತೇನೆ ಬಾ." ಫೋನಿನಲ್ಲಿ ಇನ್ನೂರಕ್ಕೂ ಹೆಚ್ಚು ಫೋಟೋ ಇತ್ತು. ಚಾಸಿ ಬರಿ ಮೈಯಲ್ಲಿ ಇದ್ದದ್ದು, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದದ್ದು, ಎಲ್ಲವೂ. ಅರ್ಧ ನಂಬಿಕೆ ನನಗೆ ಬಂದದ್ದು ಅಲ್ಲಿಯೇ.

ಎಂಜಿನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಪೆಟ್ರೋಲ್ ದುಬಾರಿ ಆದ ಮೇಲೆ ನಮ್ಮ ಕಡೆಯ ಎಷ್ಟೋ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಇದರಲ್ಲಿ ಹಳೆ ಪೆಟ್ರೋಲ್ ಎಂಜಿನ್ನೇ ಉಳಿದಿದೆ. 2.2 ಲೀಟರಿನ ಹರಿಕೇನ್, ನಾಲ್ಕು ಸಿಲಿಂಡರ್. ಇದರ ವಾಲ್ವ್‌ಗಳು ಎರಡು ಕಡೆ ಇರುತ್ತವೆ. ಗಾಳಿ, ಪೆಟ್ರೋಲ್ ಒಳಗೆಳೆಯುವ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಮೇಲಿನದನ್ನು ಟ್ಯಾಪೆಟ್ ಕವರ್ ತೆಗೆದು ಸರಿ ಮಾಡುವುದು ಸುಲಭ. ಕೆಳಗಿನದಕ್ಕೆ ಬ್ಲಾಕಿನ ಪಕ್ಕದ ಮುಚ್ಚಳ ಬಿಚ್ಚಬೇಕು, ಕೈ ಹೋಗುವುದೇ ಕಷ್ಟ. ಮೇಲಿನದನ್ನು ಮಾತ್ರ ಮಾಡಿ, ಕೆಳಗಿನದನ್ನು ಹಾಗೇ ಬಿಡುವವರು ಇದ್ದಾರೆ. ಹಾಗೆ ಬಿಟ್ಟರೆ ಚಡವು ಹತ್ತುವಾಗ ವಾಲ್ವ್ ಸುಡುತ್ತದೆ. ನಾನು ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಪಕ್ಕದ ಮುಚ್ಚಳಕ್ಕೆ ಹೊಸ ಗ್ಯಾಸ್ಕೆಟ್ ಕೂತಿತ್ತು. ನಾನು ಎರಡನೇ ಸಲ ಹೋದಾಗ ಕೆಲಸ ಮಾಡಿದ ಉಪ್ಪಳದ ಮೆಕ್ಯಾನಿಕ್ ಅಲ್ಲಿಗೇ ಬಂದಿದ್ದರು. "ಅಣ್ಣಾ, ಅದನ್ನು ಮಾಡದೆ ಗಾಡಿ ಕೊಟ್ಟರೆ ನನಗೆ ನಿದ್ದೆ ಬರುವುದಿಲ್ಲ" ಎಂದರು. ನನ್ನೆದುರೇ ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿದರು. ನಾಲ್ಕು ಸಿಲಿಂಡರ್‌ಗಳೂ 105 ಮತ್ತು 112 ಪಿಎಸ್‌ಐ ನಡುವೆ. ಒಂದಕ್ಕೊಂದು ಇಷ್ಟು ಹತ್ತಿರ ಇದ್ದರೆ ನನಗೆ ಸಾಕು.

ಪೆಟ್ರೋಲ್ ಪೈಪ್‌ಗಳು, ಪಂಪಿನ ಡಯಾಫ್ರಾಮ್ (ಒಳಗಿನ ರಬ್ಬರ್ ಪೊರೆ) ಕೂಡ ಬದಲಾಗಿವೆ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಸೇರಿದ ಪೆಟ್ರೋಲ್. ಹಳೆ ಕಾಲದ ರಬ್ಬರನ್ನು ಅದು ಮೆತ್ತಗೆ ಮಾಡಿಬಿಡುತ್ತದೆ. ಎಂಜಿನ್ ಸೀಟಿನ ಪಕ್ಕದಲ್ಲೇ ಇರುವ ಗಾಡಿಯಲ್ಲಿ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಾ? ಯಾವ ಹಳೆ ಪೆಟ್ರೋಲ್ ಗಾಡಿ ಕೊಳ್ಳುವವರೂ ಇದನ್ನು ಮೊದಲು ಕೇಳಿ.

ಓಡಿಸಿದಾಗ ಖುಷಿಯಾಯಿತು. ಮುಂದೆ ಮೂರೇ ಗೇರ್. ಪಕ್ಕದಲ್ಲಿ ಎರಡು ಗಿಡ್ಡ ಲಿವರ್, ಒಂದು ನಾಲ್ಕು ಚಕ್ರಕ್ಕೆ, ಇನ್ನೊಂದು ಚಡವು ಹತ್ತಲು ಬಲ ಕೊಡುವ ಲೋ ಗೇರಿಗೆ. ಒಂದನೇ ಗೇರ್ ಗಾಡಿ ನಿಂತ ಮೇಲೆಯೇ ಹಾಕಬೇಕು, ಓಡುವಾಗ ಹಾಕಿದರೆ ಹಲ್ಲು ಕಡಿಯುತ್ತದೆ. ಅದು ತಪ್ಪಲ್ಲ, ಆ ಗೇರ್‌ಬಾಕ್ಸ್ ಇರುವುದೇ ಹಾಗೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಬರೀ 81 ಇಂಚು. ಮಾರುತಿ 800ಕ್ಕಿಂತಲೂ ಕಡಿಮೆ! ಮುರಕಲ್ಲು ಕಡಿದು ಮಾಡಿದ ತೋಟದ ದಾರಿಯಲ್ಲಿ, ಎರಡೂ ಬದಿ ಗೋಡೆ ಇರುವ ತಿರುವಿನಲ್ಲಿ, ಈಗಿನ ಪಿಕಪ್‌ಗಳು ಹಿಂದೆ ಮುಂದೆ ಮಾಡುತ್ತಾ ಇರುತ್ತವೆ. ಇದು ಒಂದೇ ಸಲಕ್ಕೆ ತಿರುಗಿತು.

ಆಮೇಲೆ ನಾನು ಕೇಳಿದ ಮಾತು ಮಾವನಿಗೆ ಇಷ್ಟವಾಗಲಿಲ್ಲ. "ಹೊರೆ ಹೇರಿ ನೋಡಬೇಕು" ಎಂದೆ. ಹಿಂದೆ ಹೊರೆ ಇಡುವ ಜಾಗಕ್ಕೆ ಹಲಸಿನ ಹಲಗೆ ಹಾಕಿಸಿ, ವಾರ್ನಿಷ್ ಹೊಡೆಸಿ, ಕನ್ನಡಿ ಹಾಗೆ ಇಟ್ಟಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ ಒಳಗೆ ಹೋಗಿ ಒಂದು ಹಳೆ ಟರ್ಪಾಲು ತಂದು ತಾವೇ ಹಾಸಿದರು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ಹಾಕಲು ಕಟ್ಟಿಟ್ಟ ಚಾಲಿ (ಒಣಗಿಸಿದ ಅಡಿಕೆ) ಗೋಣಿ ಆರು ಏರಿಸಿದೆವು. ಒಟ್ಟು 400 ಕಿಲೋ ಹತ್ತಿರ ಇರಬಹುದು.

ಖಾಲಿ ಇರುವಾಗ ಈ ಗಾಡಿಯ ಭಾರವೆಲ್ಲ ಮುಂದೆ. ಬ್ರೇಕ್ ಒತ್ತಿದರೆ ಹಿಂದುಗಡೆ ಎದ್ದು ಕುಣಿದ ಹಾಗೆ ಆಗುತ್ತದೆ. ಆರು ಗೋಣಿ ಬಿದ್ದದ್ದೇ ಗಾಡಿ ನೆಲಕ್ಕೆ ಕೂತಿತು. ಅದರ ನಡೆಯೇ ಬೇರೆ ಆಯಿತು. ಮನೆಯ ಹಿಂದಿನ ಚಡವು ಲೋ ಗೇರಿನಲ್ಲಿ ಎರಡನೇ ಗೇರ್ ಹಾಕಿ ಹತ್ತಿದೆ. ಎಲ್ಲಿಯೂ ಉಸಿರು ಕಟ್ಟಲಿಲ್ಲ, ಬಿಸಿಯ ಮುಳ್ಳು ನಡುವಿನಿಂದ ಮೇಲೆ ಹೋಗಲಿಲ್ಲ. ಇಳಿದು ಬಂದಾಗ ಮಾವ ಅಂಗಳದ ತುದಿಯಲ್ಲಿ ನಿಂತಿದ್ದರು. "ರಿಪೇರಿ ಆದ ಮೇಲೆ ನಾನೂ ಹೇರಿರಲಿಲ್ಲ" ಎಂದರು.

ತೃಪ್ತಿ ಇಲ್ಲದ್ದು ಬ್ರೇಕ್. ನಾಲ್ಕೂ ಚಕ್ರಕ್ಕೆ ಡ್ರಮ್, ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್ ಇಲ್ಲ, ಒಂದೇ ಲೈನ್. ಎಲ್ಲಾದರೂ ಒಂದು ಕಡೆ ಆಯಿಲ್ ಸೋರಿದರೆ ನಾಲ್ಕೂ ಹೋಯಿತು. ಹೊರೆ ಇಟ್ಟು ಇಳಿಯುವಾಗ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಚಕ್ರದ ಹತ್ತಿರದ ರಬ್ಬರ್ ಹೋಸ್‌ಗಳು ಹಳೆಯವು, ಸಣ್ಣ ಬಿರುಕು ಕಾಣುತ್ತಿತ್ತು. ಇಷ್ಟೆಲ್ಲ ಚೆಂದ ಮಾಡಿ ಇದನ್ನು ಬಿಟ್ಟದ್ದು ನನಗೆ ಬೇಸರ ತಂದಿತು. ಪೈಂಟಿಗೆ ಮೂರು ಕೋಟ್ ಹೊಡೆಸುವ ಬದಲು ಎರಡು ಹೊಡೆಸಿ, ಆ ದುಡ್ಡಲ್ಲಿ ಬ್ರೇಕ್ ಮಾಡಿಸಬಹುದಿತ್ತು. ಇದನ್ನು ಮಾವನಿಗೂ ನೇರವಾಗಿ ಹೇಳಿದೆ. ಸ್ಟೀರಿಂಗಿನಲ್ಲಿ ಎರಡು ಬೆರಳಿನಷ್ಟು ಪ್ಲೇ (ಸಡಿಲ) ಇದೆ, ಅದು ಸರಿ ಮಾಡುವಂಥದ್ದು. ಲೀಟರಿಗೆ ಏಳು ಕಿಲೋಮೀಟರ್ ಸಿಕ್ಕಿದರೆ ಹೆಚ್ಚು ಎಂದು ಅವರೇ ಒಪ್ಪಿಕೊಂಡರು. ಎಂಜಿನ್, ಗೇರ್‌ಬಾಕ್ಸಿನ ಸಾಮಾನು ಹಳೆ ಜೀಪಿನದ್ದೇ ಆಗುತ್ತದೆ, ಸಿಗುತ್ತದೆ. ಕ್ಯಾಬಿನ್ನಿನ ಗಾಜು, ಬಾಗಿಲ ಹಿಡಿ ಹಾಳಾದರೆ ಹುಡುಕಬೇಕು.

ಕಾಗದಪತ್ರ ಸರಿ ಇದೆ. ನಂಬರ್ ಹಳೆ ಮೂರಕ್ಷರದ್ದು. ಕಾಸರಗೋಡು ಜಿಲ್ಲೆ ಆದದ್ದೇ 1984ರಲ್ಲಿ, ಆದ್ದರಿಂದ ಮೊದಲ ನೋಂದಣಿ ಕಣ್ಣೂರಿನದು. 2021ರಲ್ಲಿ ಬಂದ ಕೇಂದ್ರದ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ಮಾಡಿಸಬಹುದು, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಹಾಗೆ ಮಾಡಿಸಿದರೆ ದಿನಾ ರಸ್ತೆಗೆ ಇಳಿಸುವ ಹಾಗಿಲ್ಲ, ಬಾಡಿಗೆಗೂ ಓಡಿಸುವ ಹಾಗಿಲ್ಲ. ಇದನ್ನು ದಯವಿಟ್ಟು ವಿಂಟೇಜ್ ಮಾಡಿಸಿ ಶೆಡ್ಡಿನಲ್ಲಿ ನಿಲ್ಲಿಸಬೇಡಿ. ಗೋಣಿ ಬಿದ್ದಾಗ ಅದು ಹೇಗೆ ನಡೆಯಿತೆಂದು ನಾನು ಕಣ್ಣಾರೆ ನೋಡಿದ್ದೇನೆ.

ನಾನು 5.5 ಲಕ್ಷ ಹೇಳಿ ಬಂದಿದ್ದೇನೆ, ಬ್ರೇಕ್ ಖರ್ಚು ನನ್ನದು ಎಂದು. ಮಾವ ಇನ್ನೂ ಒಪ್ಪಿಲ್ಲ. ನನಗಿಂತ ಜಾಸ್ತಿ ಕೊಟ್ಟು, ಕೆಲಸಕ್ಕೆ ಇಟ್ಟುಕೊಳ್ಳುವವರು ಯಾರಾದರೂ ಇದ್ದರೆ ಹೋಗಿ ನೋಡಿ, ನನಗೇನೂ ಬೇಜಾರಿಲ್ಲ. ಹೋಗುವುದಾದರೆ ಬೆಳಿಗ್ಗೆ ಎಂಟರ ಒಳಗೆ ಹೋಗಿ. ಎಂಜಿನ್ ಮುಚ್ಚಳದ ಮೇಲೆ ಕೈ ಇಟ್ಟು ನೋಡಿ, ತಣ್ಣಗಿದ್ದರೆ ಮಾತ್ರ ಸ್ಟಾರ್ಟ್ ಮಾಡಿಸಿ. ಚೋಕ್ ಎಳೆದು ಎರಡನೇ ಸಲಕ್ಕೆ ಹಿಡಿಯಬೇಕು. ನನಗೆ ಹಿಡಿಯಿತು.