ಕೋಲಾರದ ನೀರು, 280 ರೂಪಾಯಿ ಬ್ರಷ್, ನಾಲ್ಕು ವರ್ಷ

ಇದು ಡಬ್ಬಿ ಬಿಚ್ಚಿದ ದಿನವೇ ಬರೆದ ವಿಮರ್ಶೆ ಅಲ್ಲ. ಈ ಸಿಂಥೆಟಿಕ್, ಅಂದರೆ ಪ್ಲಾಸ್ಟಿಕ್ ಕೂದಲಿನ, ಶೇವಿಂಗ್ ಬ್ರಷ್ ತಗೊಂಡಿದ್ದು 2021ರ ದಸರಾ ಹೊತ್ತಿಗೆ. ವಾರಕ್ಕೆ ನಾಲ್ಕು ಸಲ ಅಂತ ಹಿಡಿದರೂ ಎಂಟುನೂರು ಶೇವ್ ದಾಟಿದೆ. ಈ ನಾಲ್ಕು ವರ್ಷದಲ್ಲಿ ಅದರ ಕುಚ್ಚು ಒಮ್ಮೆ ಹಿಡಿಯಿಂದ ಕಿತ್ತು ಬಂದಿದೆ. ಆರು ತಿಂಗಳು ನಾನು ಅದನ್ನು ಸುಮ್ನೆ ಬೈದಿದ್ದೇನೆ. ಒಂದು ಸಲ ಕಸದ ಬುಟ್ಟಿವರೆಗೂ ಹೋಗಿ ವಾಪಸ್ ಬಂದಿದೆ. ಈಗಲೂ ಬಚ್ಚಲುಮನೆ ಕಿಟಕಿಯಲ್ಲಿ ನಿಂತಿದೆ, ಇವತ್ತು ಬೆಳಿಗ್ಗೆಯೂ ಅದರಲ್ಲೇ ಶೇವ್ ಮಾಡಿಕೊಂಡೆ.

ಯಾವ ಬ್ರಾಂಡ್ ಅಂತ ಕೇಳಬೇಡಿ. ಇಂಥ ಬ್ರಷ್‌ಗಳು ಹತ್ತಾರು ಹೆಸರಲ್ಲಿ ಸಿಗುತ್ತವೆ. ಹಿಡಿಯ ಬಣ್ಣ ಬೇರೆ, ಡಬ್ಬಿ ಬೇರೆ, ಕುಚ್ಚು ನೋಡಿದರೆ ಒಂದೇ ತಾಯಿ ಮಕ್ಕಳ ಹಾಗಿರುತ್ತದೆ. ನನ್ನದು ಬುಡ ಕಂದು, ನಡು ಕಪ್ಪು, ತುದಿ ಬಿಳಿ. ಬುಡದಲ್ಲಿ ಅಗಲ 22 ಮಿಲಿಮೀಟರ್. ಹಿಡಿ ಕಪ್ಪು ಪ್ಲಾಸ್ಟಿಕ್. ಆನ್‌ಲೈನ್‌ನಲ್ಲಿ 280 ರೂಪಾಯಿ ಕೊಟ್ಟಿದ್ದೆ.

ಅದಕ್ಕೂ ಮುಂಚೆ ನಮ್ಮನೆಯಲ್ಲಿ ಇದ್ದದ್ದು ಅಪ್ಪನ ಬ್ರಷ್. ಅಪ್ಪ ಕೆಜಿಎಫ್ ಗಣಿಯಲ್ಲಿ ಇದ್ದವರು. 2001ರಲ್ಲಿ ಗಣಿ ಮುಚ್ಚಿತು, ನಾವು ಕೋಲಾರಕ್ಕೆ ಬಂದೆವು. ಸಾಮಾನಿನ ಜೊತೆ ಅವರ ಶೇವಿಂಗ್ ಸೆಟ್ಟೂ ಬಂತು: ಸ್ಟೀಲ್ ರೇಜರ್, ಅಲ್ಯೂಮಿನಿಯಂ ಬಟ್ಟಲು, ಪಟಿಕದ ತುಂಡು, ಮತ್ತೆ ಹಂದಿ ಕೂದಲಿನ ಬ್ರಷ್. ಅದು ಹಂದಿ ಕೂದಲು ಅಂತ ಯಾರೋ ಅಮ್ಮನ ಕಿವಿಗೆ ಹಾಕಿಬಿಟ್ಟರು. ಅಲ್ಲಿಂದ ಆ ಬ್ರಷ್ ಬಚ್ಚಲು ಬಿಟ್ಟು ಈಚೆ ಬರಲೇ ಇಲ್ಲ. ಅಪ್ಪ ಅದನ್ನು ಬಿಸಿನೀರಿನ ಲೋಟದಲ್ಲಿ ಹತ್ತು ನಿಮಿಷ ನೆನೆಹಾಕಿ, ಅಷ್ಟರಲ್ಲಿ ಪೇಪರ್ ಓದಿ ಮುಗಿಸೋರು. ನೊರೆ ಚೆನ್ನಾಗಿಯೇ ಬರುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಮಳೆಗಾಲದಲ್ಲಿ ಅದು ಒಣಗುತ್ತಿರಲಿಲ್ಲ. ನೆನೆದ ಕಂಬಳಿಯ ವಾಸನೆ ಹೊಡೆಯುತ್ತಿತ್ತು.

ನನ್ನದು ನರಸಾಪುರದಲ್ಲಿ ಫ್ಯಾಕ್ಟರಿ ಕೆಲಸ. ಫಸ್ಟ್ ಶಿಫ್ಟ್ ಇದ್ದರೆ ಬೆಳಗಾಗುವ ಮುಂಚೆಯೇ ಕಂಪನಿ ಬಸ್ಸು ಬೀದಿ ಕೊನೆಯಲ್ಲಿ ಬಂದು ಹಾರ್ನ್ ಹೊಡೆಯುತ್ತದೆ. ಬ್ರಷ್ ನೆನೆಯೋವರೆಗೂ ಪೇಪರ್ ಓದುವ ಭಾಗ್ಯ ನನಗಿಲ್ಲ. ಸಿಂಥೆಟಿಕ್ ಕಡೆ ಬಂದಿದ್ದು ಅದಕ್ಕೇ.

ಮೊದಲು ತಗೊಂಡಿದ್ದು ದೊಡ್ಡಪೇಟೆಯ ಒಂದು ಅಂಗಡಿಯಲ್ಲಿ, 60 ರೂಪಾಯಿ. ಅದನ್ನು ಬ್ರಷ್ ಅನ್ನೋದಕ್ಕಿಂತ ಬಾಟಲಿ ತೊಳೆಯೋ ಕುಂಚ ಅನ್ನಬಹುದು. ಕೂದಲು ಬುಡದಿಂದ ತುದಿವರೆಗೂ ಒಂದೇ ದಪ್ಪ, ಕೆನ್ನೆಗೆ ಚುಚ್ಚುತ್ತಿತ್ತು. ಒಳ್ಳೆ ಸಿಂಥೆಟಿಕ್ ಕೂದಲು ಹಾಗಿರುವುದಿಲ್ಲ. ಬುಡದಲ್ಲಿ ದಪ್ಪ ಇದ್ದು ತುದಿಗೆ ಬರುತ್ತಾ ಸಣ್ಣಗಾಗುತ್ತದೆ. ಅದರಿಂದಲೇ ತುದಿ ಮೆತ್ತಗೆ, ನಡು ಗಟ್ಟಿ. ನೈಲಾನ್ ಕೂದಲಿನ ಹಲ್ಲುಜ್ಜುವ ಬ್ರಷ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿದ್ದು 1938ರಲ್ಲೇ. ಗಡ್ಡದ ಬ್ರಷ್ಷಿಗೂ ನೈಲಾನ್ ಹಾಕಿದರು, ಆದರೆ ಮುಖಕ್ಕೆ ಹಿತವಾಗುವಷ್ಟು ಮೆತ್ತಗಿನ ಕೂದಲು ಬರೋಕೆ ತುಂಬಾ ವರ್ಷ ಹಿಡಿಯಿತು. ನನ್ನ 60 ರೂಪಾಯಿ ಬ್ರಷ್ ಆ ಹಳೇ ಕಾಲದ್ದೇ. ಎರಡು ವಾರಕ್ಕೆ ಅದು ಸೈಕಲ್ ಚೈನ್ ಉಜ್ಜೋಕೆ ಹೋಯಿತು. ಆ ಕೆಲಸಕ್ಕೆ ಬಹಳ ಚೆನ್ನಾಗಿದೆ.

ಆಮೇಲೆ ಬಂದಿದ್ದು ಈ 280ರದು. ಮುಖಕ್ಕೆ ತಾಗಿಸಿದ ಕೂಡಲೇ ವ್ಯತ್ಯಾಸ ಗೊತ್ತಾಯಿತು, ಬೆಕ್ಕಿನ ಬೆನ್ನು ಸವರಿದ ಹಾಗೆ. ಆದರೆ ನೊರೆ? ಬರುತ್ತಲೇ ಇರಲಿಲ್ಲ. ಬಟ್ಟಲಲ್ಲಿ ಮೂರು ನಿಮಿಷ ತಿರುಗಿಸಿದರೂ ದೊಡ್ಡ ದೊಡ್ಡ ಗುಳ್ಳೆ. ಕೆನ್ನೆಗೆ ಹಚ್ಚಿ ಬ್ಲೇಡ್ ಇಡುವಷ್ಟರಲ್ಲಿ ಗುಳ್ಳೆ ಒಡೆದು ಬರೀ ನೀರು. ಕತ್ತಿನ ಹತ್ತಿರ ದಿನಾ ಉರಿ. ಕ್ರೀಮ್ ಜಾಸ್ತಿ ಹಾಕಿದೆ, ಸೋಪು ಬದಲಾಯಿಸಿದೆ, ಕೊನೆಗೆ ಬ್ರಷ್ಷೇ ಸರಿಯಿಲ್ಲ ಅಂತ ತೀರ್ಮಾನ ಮಾಡಿದೆ. ಪ್ಲಾಸ್ಟಿಕ್ ಕೂದಲು ನೀರು ಹಿಡಿಯಲ್ಲ, ಅದಕ್ಕೇ ನೊರೆ ಇಲ್ಲ ಅಂತ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಪಾಠ ಬೇರೆ ಮಾಡಿದೆ.

ಆರು ತಿಂಗಳಾದ ಮೇಲೆ ಬೆಂಗಳೂರಿಗೆ ಅಕ್ಕನ ಮನೆಗೆ ಹೋಗಿದ್ದೆ. ಅಲ್ಲಿಗೆ ಕಾವೇರಿ ನೀರು ಬರುತ್ತದೆ. ಬೆಳಿಗ್ಗೆ ಅಭ್ಯಾಸಬಲದಿಂದ ಕೋಲಾರದ ಲೆಕ್ಕದಲ್ಲೇ ಕ್ರೀಮ್ ಹಾಕಿ ತಿರುಗಿಸಿದೆ. ಅರ್ಧ ನಿಮಿಷಕ್ಕೆ ಬಟ್ಟಲು ತುಂಬಿ, ಮಗ್ಗಿನ ಮೇಲೆ ಸುರಿದು, ವಾಶ್‌ಬೇಸಿನ್‌ಗೆ ಇಳಿಯಿತು. ಗಟ್ಟಿ ಮೊಸರಿನಂಥ ನೊರೆ, ಒಂದು ಗುಳ್ಳೆ ಕಣ್ಣಿಗೆ ಕಾಣದು. ಭಾವ ಬಾಗಿಲಲ್ಲಿ ನಿಂತು, "ಏನಪ್ಪಾ, ಗಡ್ಡಕ್ಕೋ ಗೋಡೆಗೋ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಅದೇ ಬ್ರಷ್, ಅದೇ ಟ್ಯೂಬು, ಬದಲಾಗಿದ್ದು ನೀರೊಂದೇ.

ಊರಿಗೆ ಬಂದ ಮೇಲೂ ಅನುಮಾನ ಪೂರ್ತಿ ಹೋಗಿರಲಿಲ್ಲ. ಒಂದು ಸಂಜೆ ಮಳೆ ಹೊಡೆಯಿತು. ತಾರಸಿ ಮೇಲೆ ಬಕೆಟ್ ಇಟ್ಟು ನೀರು ಹಿಡಿದೆ. ಬೆಳಿಗ್ಗೆ ಎರಡು ಲೋಟ ಪಕ್ಕಪಕ್ಕ ಇಟ್ಟುಕೊಂಡೆ, ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಮಳೆ ನೀರು. ಎರಡಕ್ಕೂ ಕಡಲೆಕಾಳಿನಷ್ಟು ಕ್ರೀಮ್. ಮಳೆ ನೀರಿನ ನೊರೆ ಲೋಟದ ಬಾಯಿಗೆ ಬಂತು. ನಲ್ಲಿ ನೀರಿನದು ತಳದಲ್ಲೇ ಉಳಿಯಿತು, ಮೇಲೆ ಮಾಸಲು ಬಿಳಿ ಗಸಿ ತೇಲುತ್ತಿತ್ತು.

ಆ ಗಸಿಯಲ್ಲೇ ಇದೆ ವಿಷಯ. ನಮ್ಮದು ವರ್ಷವಿಡೀ ಹರಿಯುವ ಹೊಳೆ ಇಲ್ಲದ ಜಿಲ್ಲೆ. ಸಾವಿರ ಅಡಿ ಆಳದಿಂದ ಎತ್ತುವ ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಅವು ಸೋಪಿನ ಜೊತೆ ಸೇರಿ ನೀರಲ್ಲಿ ಕರಗದ ಗಸಿಯಾಗಿಬಿಡುತ್ತವೆ. ನೊರೆಯಾಗಬೇಕಾದ ಸೋಪು ಗಸಿಯಾಗಿ ಹೋದರೆ ಬ್ರಷ್ ತಾನೇ ಏನು ಮಾಡುತ್ತದೆ? ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟುವುದು, ನಲ್ಲಿಯ ಬಾಯಲ್ಲಿ ಬಿಳಿ ಪದರ ಕೂರುವುದು, ಬೇಳೆ ಬೇಗ ಬೇಯದೇ ಇರುವುದು, ಎಲ್ಲಾ ಇದೇ ನೀರಿನ ಮಹಿಮೆ. ಅಡುಗೆಮನೆಯಲ್ಲಿ ನಾವು ನೀರನ್ನು ಬೈಯುತ್ತೇವೆ, ಬಚ್ಚಲಲ್ಲಿ ಮಾತ್ರ ಬ್ರಷ್ಷನ್ನು.

ಅವತ್ತಿನಿಂದ ನೊರೆಗೆ ಮಾತ್ರ ಫಿಲ್ಟರ್ ನೀರು. ಬೀದಿ ಘಟಕದಿಂದ ಕುಡಿಯೋಕೆ ಹೇಗೂ ಕ್ಯಾನ್ ತರುತ್ತೇವೆ. ಅದರಲ್ಲಿ ಅರ್ಧ ಲೋಟ ಸಾಕು. ಮುಖ ತೊಳೆಯೋಕೆ, ರೇಜರ್ ಅದ್ದೋಕೆ ಅದೇ ನಲ್ಲಿ ನೀರು. ಕ್ರೀಮ್ ಖರ್ಚು ಅರ್ಧಕ್ಕೆ ಇಳಿದಿದೆ. ಕತ್ತಿನ ಉರಿ ಹೋಗಿದೆ. ಕುಡಿಯೋ ನೀರಲ್ಲಿ ಗಡ್ಡ ಮಾಡ್ತಾನೆ ಅಂತ ಅಮ್ಮ ಮೊದಮೊದಲು ಗೊಣಗಿದರು, ಈಗ ಸುಮ್ಮನಾಗಿದ್ದಾರೆ.

ಇನ್ನು ಕೈಚಳಕದ ಮಾತು. ಇದರಲ್ಲೂ ನಾನು ತಪ್ಪು ಮಾಡುತ್ತಿದ್ದೆ. ಹಂದಿ ಕೂದಲು ನೀರು ಕುಡಿದು ಮೆತ್ತಗಾಗುತ್ತದೆ, ಅದಕ್ಕೆ ನೆನೆಯಲು ಹೊತ್ತು ಬೇಕು. ಸಿಂಥೆಟಿಕ್ ಕೂದಲು ನೀರು ಕುಡಿಯುವುದೇ ಇಲ್ಲ, ನೀರು ಕೂದಲ ಸಂದಿಯಲ್ಲಿ ಸುಮ್ನೆ ನಿಂತಿರುತ್ತದೆ. ಹಾಗಾಗಿ ನೆನೆಹಾಕುವುದು ದಂಡ. ಒಮ್ಮೆ ಅದ್ದಿ ಮೂರು ಸಲ ಜೋರಾಗಿ ಕೊಡವಿ ಸಾಕು. ಕೊಡವದೆ ಹಾಗೇ ಹಚ್ಚಿದರೆ ಸಂದಿಯ ನೀರೆಲ್ಲಾ ಒಟ್ಟಿಗೆ ಇಳಿದು ಮುಂಗೈ, ಮೊಣಕೈ, ಆಮೇಲೆ ಬನಿಯನ್. ಈಗ ಒಣಗಲು ಬ್ರಷ್ಷಲ್ಲೇ ಶುರು ಮಾಡುತ್ತೇನೆ. ಕ್ರೀಮ್ ಮೊದಲು ಅಂಟಂಟಾಗಿ, ಚಪಾತಿ ಹಿಟ್ಟಿನ ಹಾಗೆ ಆಗುತ್ತದೆ. ಆಗ ಬ್ರಷ್ಷಿನ ತುದಿ ಮಾತ್ರ ನೀರಿಗೆ ಮುಟ್ಟಿಸಿ ಮತ್ತೆ ತಿರುಗಿಸಬೇಕು. ಹೀಗೆ ನಾಲ್ಕೈದು ಸಲ. ಬಟ್ಟಲಿನಿಂದ ಎತ್ತಿದಾಗ ನೊರೆಯ ತುದಿ ಬಗ್ಗಿ ನಿಂತರೆ ಹದ ಬಂತು ಅಂತ ಅರ್ಥ.

ಇನ್ನೊಂದು, ಒತ್ತಬೇಡಿ. ಹೊಸದರಲ್ಲಿ ನಾನು ಪಾತ್ರೆ ಉಜ್ಜೋ ಹಾಗೆ ಮುಖಕ್ಕೆ ಅದುಮಿ ತಿರುಗಿಸುತ್ತಿದ್ದೆ. ಅದಕ್ಕೇ ಇರಬೇಕು, ಕುಚ್ಚಿನ ನಡುವೆ ಈಗ ಸಣ್ಣ ಗುಂಡಿ ಬಿದ್ದಿದೆ, ತಲೆಯ ಸುಳಿಯ ಹಾಗೆ. ಕೆಲಸಕ್ಕೆ ತೊಂದರೆ ಇಲ್ಲ, ನೋಡೋಕೆ ಚೆನ್ನಾಗಿಲ್ಲ ಅಷ್ಟೇ. ಗೋಡೆಗೆ ಸುಣ್ಣ ಬಳಿದ ಹಾಗೆ ತುದಿಯಲ್ಲಿ ಮೇಲೆ ಕೆಳಗೆ ಆಡಿಸಿದರೆ ಸಾಕು.

ಕುಚ್ಚು ಕಿತ್ತು ಬಂದ ಕಥೆಗೆ ಬರೋಣ. ಎರಡನೇ ವರ್ಷದ ಡಿಸೆಂಬರ್. ಕೋಲಾರದ ಚಳಿ ಗೊತ್ತಲ್ಲ. ಬಿಸಿ ನೊರೆ ಹಿತವಾಗಿರುತ್ತೆ ಅಂತ ಕುದಿಯೋ ನೀರಿಗೇ ಬ್ರಷ್ ಅದ್ದುವ ಅಭ್ಯಾಸ ಮಾಡಿಕೊಂಡಿದ್ದೆ. ಒಂದು ದಿನ ಅರ್ಧ ಮುಖಕ್ಕೆ ಹಚ್ಚಿದ್ದೇನೆ, ಕುಚ್ಚು ಗಲ್ಲದ ಮೇಲೆ ಅಂಟಿಕೊಂಡು ನಿಂತಿದೆ, ಖಾಲಿ ಹಿಡಿ ಕೈಯಲ್ಲಿದೆ. ಹೊರಗೆ ಬಸ್ಸಿನ ಹಾರ್ನ್. ಉಳಿದರ್ಧಕ್ಕೆ ಬೆರಳಲ್ಲೇ ಹಚ್ಚಿಕೊಂಡು ಓಡಿದೆ. ಹೋಗುವಾಗ ಬ್ರಷ್ಷನ್ನು ಕಸದ ಬುಟ್ಟಿಗೆ ಎಸೆದಿದ್ದೆ, ಅಪ್ಪ ಎತ್ತಿಟ್ಟಿದ್ದರು.

ಕುಚ್ಚಿನ ಬುಡಕ್ಕೆ ಅಂಟು ಹಾಕಿ ಹಿಡಿಯ ಗುಳಿಯಲ್ಲಿ ಕೂರಿಸಿರುತ್ತಾರೆ, ಅಷ್ಟೇ ಅದರ ರಚನೆ. ಕುದಿಯೋ ನೀರಿಗೆ ಆ ಅಂಟು ಸೋಲುತ್ತದೆ. ಅಪ್ಪನೂ ನಾನೂ ಭಾನುವಾರ ಕೂತು ರಿಪೇರಿ ಮಾಡಿದೆವು. ಗುಳಿಯೊಳಗಿನ ಹಳೇ ಅಂಟನ್ನು ಉಪ್ಪು ಕಾಗದದಲ್ಲಿ ಕೆರೆದು, ಎರಡು ಟ್ಯೂಬಿನ ಅರಾಲ್ಡೈಟ್ ಸಮಸಮ ಕಲಸಿ, ಬೆಂಕಿಕಡ್ಡಿಯಲ್ಲಿ ಹಚ್ಚಿ, ಕುಚ್ಚು ಕೂರಿಸಿ, ಒಂದು ದಿನ ಮುಟ್ಟದೆ ಬಿಟ್ಟೆವು. ಎರಡೂವರೆ ವರ್ಷದ ಮೇಲಾಯಿತು, ಅಲುಗಾಡಿಲ್ಲ. ಕಂಪನಿಯ ಅಂಟಿಗಿಂತ ಅಪ್ಪನ ಅಂಟು ಗಟ್ಟಿ. ಈಗ ನೀರು ಕೈ ಇಟ್ಟರೆ ತಡೆಯುವಷ್ಟು ಬಿಸಿ ಇದ್ದರೆ ಸಾಕು ಅಂತ ನಿಯಮ ಮಾಡಿಕೊಂಡಿದ್ದೇನೆ. ಅಂದಹಾಗೆ ಚಳಿಗಾಲದಲ್ಲಿ ಇದರ ನೊರೆ ಬೇಗ ತಣ್ಣಗಾಗುತ್ತದೆ. ಹಂದಿ ಕೂದಲಿನದು ಬಿಸಿ ಹಿಡಿದಿಟ್ಟ ಹಾಗೆ ಇದು ಹಿಡಿಯುವುದಿಲ್ಲ. ಆ ವಿಷಯದಲ್ಲಿ ಅಪ್ಪನ ಬ್ರಷ್ಷಿಗೇ ನನ್ನ ಓಟು.

ಕೂದಲು ಉದುರುವುದು? ಮೊದಲ ವಾರ ಐದಾರು ಉದುರಿದವು. ಆಮೇಲೆ ಇಲ್ಲವೇ ಇಲ್ಲ ಅನ್ನಬಹುದು. ವಾಸನೆ ಇಲ್ಲ. ಕೊಡವಿ ನಿಲ್ಲಿಸಿದರೆ ಮಧ್ಯಾಹ್ನದೊಳಗೆ ಖಡಕ್ಕಾಗಿ ಒಣಗಿರುತ್ತದೆ. ಊರಿಗೆ ಹೋಗುವಾಗ ಒದ್ದೆಯಿದ್ದರೂ ಟವೆಲಲ್ಲಿ ಒರೆಸಿ ಬ್ಯಾಗಿಗೆ ಹಾಕುತ್ತೇನೆ. ಆದರೆ ಅದರ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆಯಾಗಿ ಮುಚ್ಚಿಡಬೇಡಿ. ನಮ್ಮ ಬೀದಿ ಕಟಿಂಗ್ ಶಾಪ್ ಅಣ್ಣ ಹೇಳಿಕೊಟ್ಟಿದ್ದು ಅದು: "ಡಬ್ಬಿ ಅಂಗಡಿಯವನಿಗೆ ಸಾರ್, ನಿಮಗಲ್ಲ. ಬ್ರಷ್ಷಿಗೆ ಗಾಳಿ ಬೇಕು."

ಪಕ್ಕದ ಮನೆಯ ನನ್ನ ಗೆಳೆಯನಿಗೂ ಒಂದು ತರಿಸಿಕೊಟ್ಟೆ. ಅವನು ಮುಸ್ಲಿಂ, ಹಂದಿ ಕೂದಲಿನ ಬ್ರಷ್ ಮುಟ್ಟುವ ಹಾಗಿಲ್ಲ. ಹಳೇ ಬ್ರಷ್‌ಗಳ ಮೇಲೆ ಯಾವ ಕೂದಲು ಅಂತ ಬರೆದೇ ಇರುತ್ತಿರಲಿಲ್ಲ, ಅದಕ್ಕೆ ಇಷ್ಟು ದಿನ ಕೈಯಲ್ಲೇ ಹಚ್ಚುತ್ತಿದ್ದೆ ಅಂದ. ಪ್ರಾಣಿ ಕೂದಲಿನ ತಾಪತ್ರಯ ಇದೊಂದೇ ಅಲ್ಲ. ಹಸು ಕಟ್ಟಿದವರಿಗೆ ನೆರಡಿ ರೋಗ ಗೊತ್ತಿರುತ್ತದೆ, ಇಂಗ್ಲಿಷಿನವರು ಆಂಥ್ರಾಕ್ಸ್ ಅನ್ನುವುದು. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧ ಮಾಡದ ಕುದುರೆ ಕೂದಲಿನ ಶೇವಿಂಗ್ ಬ್ರಷ್‌ಗಳಿಂದ ಬ್ರಿಟನ್, ಅಮೆರಿಕದಲ್ಲಿ ಸೈನಿಕರಿಗೂ ಜನರಿಗೂ ಆ ರೋಗ ಬಂದು, ಕೆಲವರು ಸತ್ತೂ ಹೋದರು. ಈಗ ಕೂದಲನ್ನು ಶುದ್ಧ ಮಾಡಿಯೇ ಮಾರುತ್ತಾರೆ, ಹೆದರಬೇಕಿಲ್ಲ. ಇದನ್ನು ಓದಿದ ದಿನ ಮಾತ್ರ ಅಪ್ಪನ ಬಟ್ಟಲನ್ನು ಸ್ವಲ್ಪ ದೂರ ಸರಿಸಿಟ್ಟೆ.

ಕಳೆದ ವರ್ಷ ಆಸೆಗೆ ಬಿದ್ದು 450 ರೂಪಾಯಿಯ ಇನ್ನೊಂದು ತಗೊಂಡೆ. 26 ಮಿಲಿಮೀಟರ್ ಕುಚ್ಚು, ಮರದ ಹಿಡಿ. ನನ್ನ ಸಣ್ಣ ಮುಖಕ್ಕೆ ಅದು ಪೊರಕೆಯಾಯಿತು. ಮೂಗಿನ ಕೆಳಗೆ ಹಚ್ಚಲು ಹೋದರೆ ಮೂಗಿನೊಳಗೇ ನೊರೆ. ಮರದ ಹಿಡಿಯ ಪಾಲಿಶ್ ಒಂದೇ ಮಳೆಗಾಲಕ್ಕೆ ಎದ್ದಿತು. 22 ಅಥವಾ 24 ಸಾಕು, ಹಿಡಿ ಪ್ಲಾಸ್ಟಿಕ್ಕೇ ಇರಲಿ. 60 ರೂಪಾಯಿಯದಕ್ಕೆ ಹೋಗಬೇಡಿ, ಸಾವಿರ ಕೊಡುವುದೂ ಬೇಡ. ಅಂಗಡಿಯಲ್ಲಿ ತಗೊಂಡರೆ ತುದಿಯನ್ನು ಒಣಗಿದ್ದಾಗಲೇ ತುಟಿಯ ಮೇಲೆ ಆಡಿಸಿ ನೋಡಿ. ಅಲ್ಲಿ ಚುಚ್ಚಿದರೆ ನೀರು ಹಾಕಿದರೂ ಚುಚ್ಚುತ್ತದೆ.

ನಮ್ಮ ಕಡೆಯ ನೀರಿನವರು ತಿಂಗಳಿಗೊಮ್ಮೆ ಒಂದು ಕೆಲಸ ಮಾಡಬೇಕು. ಕುಚ್ಚಿನ ಬುಡದಲ್ಲಿ ಸೋಪಿನ ಗಸಿ, ಸುಣ್ಣ ಸೇರಿ ಬೆಳ್ಳಗೆ ಗಟ್ಟಿಯಾಗುತ್ತದೆ, ಬೆರಳಲ್ಲಿ ಬಿಡಿಸಿ ನೋಡಿದರೆ ಕಾಣುತ್ತದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ ಕಾಲು ಗಂಟೆ ಬ್ರಷ್ ಇಳಿಬಿಟ್ಟು ತೊಳೆದರೆ ಹೊಸದರ ಹಾಗಾಗುತ್ತದೆ. ಬೇಸಿಗೆಯಲ್ಲಿ ನಿಂಬೆಹಣ್ಣಿನ ರೇಟು ಕೇಳೋ ಹಾಗಿಲ್ಲ. ಆಗ ಅಮ್ಮ ಸಾರಿಗೆ ಕಿವುಚಿ ಬಿಟ್ಟ ಹುಣಸೆ ಚರಟವನ್ನೇ ನೀರಿಗೆ ಹಾಕಿಕೊಳ್ಳುತ್ತೇನೆ, ಸೋಸಿಕೊಂಡು. ಸೋಸದೆ ಒಮ್ಮೆ ಹಾಕಿ, ನಾರು ಬಿಡಿಸಲು ಅಮ್ಮನ ತಲೆ ಬಾಚಣಿಗೆ ತಗೊಂಡು ಬೈಸಿಕೊಂಡಿದ್ದೂ ಆಗಿದೆ.